ಅಟ್ಟದ ಮೇಲಿನ ಪೆಟ್ಟಿಗೆ

ಕಳೆದ ವೈಶಾಖದಲ್ಲಿ, ಮಳೆ ಹಿಡಿಯುವದಕ್ಕೆ ಮುಂಚೆ ಮಾಡಿನ ಒಡಕು ಹಂಚುಗಳನ್ನು ಬದಲಿಸಬೇಕೆಂದು ನಾವು ಆಳನ್ನು ಕರೆಯಿಸಿದ್ದೆವು. ಹಂಚು ಬದಲಿಸಬೇಕಾದರೆ ಅಟ್ಟ ಬರಿದಾಗಬೇಕು; ಅಟ್ಟ ಬರಿದಾಗಬೇಕಾದರೆ ಗೃಹಿಣಿಯ ಅಪ್ಪಣೆಯಾಗಬೇಕು. ಇವೆರಡೂ ಆಗುವಷ್ಟರಲ್ಲಿ ಪುಣೆಯಿಂದ ರಜೆಗೆ ಬಂದಿದ್ದ ಹತ್ತು ವರ್ಷದ ಮೊಮ್ಮಗನು ತಾನೇ ಏಣಿ ಹತ್ತಿ, ಹಿತ್ತಾಳೆಯ ಹಂಡೆಯ ಹಿಂದಿನಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಎಳೆದು ತಂದನು. ಒಳಗೆ ಕೆಂಪು ಧೂಳು ಹಿಡಿದ ಒಂದು ಆಟದ ಮೋಟಾರು ಬಂಡಿ. ಟಾಯರುಗಳು ಒಣಗಿ ಬಿರುಕು ಬಿಟ್ಟಿದ್ದವು. ಮುಂದಿನ ಒಂದು ಗಾಲಿ ವಾಲಿತ್ತು.

"ಅಜ್ಜಾ, ಇದರ ರಿಮೋಟ್ ಎಲ್ಲದ?"

ಈ ಪ್ರಶ್ನೆಗೆ ಉತ್ತರ ಕೊಡುವದು ನಮಗೆ ಸುಲಭವಿರಲಿಲ್ಲ. ಅದರ ಕಾರಣವನ್ನು ವಾಚಕರಿಗೆ ಮುಂದೆ ನಿವೇದಿಸುವೆವು. ಮೊದಲು ಬಂಡಿಯ ವಿಷಯ.

ಹಡಗಿನ ನೌಕರಿಯಲ್ಲಿದ್ದ ನಮ್ಮ ಸೋದರಮಾವನವರು 1985ರಲ್ಲಿ ಇದನ್ನು ನಮ್ಮ ತಮ್ಮನಿಗೆಂದು ತಂದುಕೊಟ್ಟಿದ್ದರು. ಆಗ ನಮಗೆ ಇಪ್ಪತ್ತು ವರ್ಷ, ತಮ್ಮನಿಗೆ ಹದಿನಾಲ್ಕು. ತಂದದ್ದು ಬಂಡಿಯಲ್ಲ, ಬಂಡಿಯಾಗಬಹುದಾದ ಒಂದು ರಾಶಿ. ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡ ಬಿಡಿಭಾಗಗಳು, ಅಕ್ಷರ ಬರೆದ ಚಿಕ್ಕ ಚೀಲಗಳಲ್ಲಿ ತಿರುಪುಗಳು, ಹಲ್ಲಿನ ಗಾಲಿಗಳು, ಒಂದು ಕೊಳವೆ ಗ್ರೀಸು, ಮೋಟಾರು, ಮತ್ತು ಒಂದು ದೊಡ್ಡ ಕಾಗದದ ಮೇಲೆ ಹಂತಹಂತದ ಚಿತ್ರಗಳು. ತಮ್ಮನಿಗೆ ಇಂಗ್ಲಿಷು ಬಾರದು. ನಮಗೆ ಸ್ಕ್ರೂಡ್ರೈವರ್ ಹಿಡಿಯಲು ಬಾರದು. ನಾವು ಓದಿ ಹೇಳುವದು, ಅವನು ಬಿಗಿಯುವದು. ಖಾನಾಪುರದ ಮನೆಯ ಪಡಸಾಲೆಯಲ್ಲಿ ದೀಪಾವಳಿಯ ರಜೆಯ ಹನ್ನೊಂದು ದಿನ ಹೀಗೆ ಕಳೆದವು. ಆಗ ನಾವು ಶಾಕುಂತಲವನ್ನು ಓದುತ್ತಿದ್ದ ಹುರುಪಿನಲ್ಲಿದ್ದುದರಿಂದ ಪ್ರತಿಯೊಂದು ಭಾಗಕ್ಕೂ ಸಂಸ್ಕೃತದ ಹೆಸರಿಟ್ಟು ಕಾಗದದ ಅಂಚಿನಲ್ಲಿ ಬರೆದಿದ್ದೆವು. ದಂತಚಕ್ರ, ಅಕ್ಷದಂಡ, ಗತಿನಿಯಾಮಕ ಇತ್ಯಾದಿ. ತಮ್ಮನು ಆ ಹೆಸರುಗಳನ್ನೇ ಗಟ್ಟಿಯಾಗಿ ಕೂಗಿ ಕೇಳುತ್ತಿದ್ದನು. ನಮ್ಮ ತಾಯಿಯವರು ಇದೇನು ಹೋಮ ನಡೆದಿದೆಯೋ ಎಂದು ನಗುತ್ತಿದ್ದರು.

ಈಗ ಇಂಥ ಆಟಿಗೆಗಳ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ತಂತಿಯಿಲ್ಲದೆ ದೂರದಿಂದ ಯಂತ್ರವನ್ನು ನಡೆಯಿಸಿ ಜನರನ್ನು ಬೆರಗುಗೊಳಿಸಿದವರು ನಿಕೋಲಾ ಟೆಸ್ಲಾ ಎಂಬ ಪ್ರಸಿದ್ಧ ಶೋಧಕರು. 1898ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ನೀರಿನ ತೊಟ್ಟಿಯಲ್ಲಿ ಅವರು ಚಿಕ್ಕ ದೋಣಿಯನ್ನು ರೇಡಿಯೋ ಅಲೆಗಳಿಂದ ತಿರುಗಿಸಿ ತೋರಿಸಿದರು. 1937ರ ಸುಮಾರಿಗೆ ಅಮೇರಿಕೆಯ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ರೇಡಿಯೋದಿಂದ ನಡೆಯುವ ಮಾದರಿ ವಿಮಾನವನ್ನು ಹಾರಿಸಿದರು. ಒಬ್ಬರು ವಿಮಾನ ಕಟ್ಟಿದರು, ಇನ್ನೊಬ್ಬರು ರೇಡಿಯೋ ಕಟ್ಟಿದರು. ಆ ವಿಮಾನವು ಈಗ ಅಲ್ಲಿಯ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತಾಗಿದೆ. ಇದನ್ನು ಸಾಮಾನ್ಯ ಗೃಹಸ್ಥರ ಮಕ್ಕಳ ಕೈಗೆ ತಂದವರಲ್ಲಿ ಜಪಾನದ ಶಿಝುವೋಕಾ ನಗರದ ತಾಮಿಯಾ ಸಂಸ್ಥೆಯು ಮುಖ್ಯವಾದದ್ದು. ಮೊದಲು ಕಟ್ಟಿಗೆಯ ವ್ಯಾಪಾರ, ಮುಂದೆ ಕಟ್ಟಿಗೆಯ ಮಾದರಿಗಳು, ಅನಂತರ ಪ್ಲಾಸ್ಟಿಕ್ಕು, ಹೀಗೆ ಬೆಳೆದು ಈ ಸಂಸ್ಥೆಯು 1976ರಲ್ಲಿ ಪೋರ್ಶ ಕಾರಿನ ರೇಡಿಯೋ ಮಾದರಿಯನ್ನು ಹೊರತಂದಿತು. 1984ರಲ್ಲಿ ಬಂದ 'ಗ್ರಾಸ್‌ಹಾಪರ್' ಮತ್ತು 'ಹಾರ್ನೆಟ್', ಎಂದರೆ ಮಿಡತೆ ಮತ್ತು ಕಣಜ, ಎಂಬ ಎರಡು ಮಣ್ಣಿನ ಬಂಡಿಗಳು ಲೋಕವನ್ನೆಲ್ಲ ಸುತ್ತಿದವು. ಆ ಕಾಲದ ಹುಡುಗರು ಬೆಳೆದು ತಂದೆಯರಾದ ಮೇಲೆ ಪುನಃ ಅವನ್ನೇ ಕೇಳತೊಡಗಿದ್ದರಿಂದ, ಹಾರ್ನೆಟ್ಟು 2004ರಲ್ಲಿಯೂ ಗ್ರಾಸ್‌ಹಾಪರು 2005ರಲ್ಲಿಯೂ ಮರುಜನ್ಮ ಪಡೆದವು.

ಬಲ್ಲವರನ್ನು ಕೇಳಿದರೆ ಈ ಹಳೆಯ ಬಂಡಿಗಳ ದೋಷಗಳನ್ನು ಬೆರಳು ಮಡಿಚಿ ಎಣಿಸುವರು. ಗ್ರಾಸ್‌ಹಾಪರಿನ ಹಿಂದಿನ ಎರಡು ಗಾಲಿಗಳು ಒಂದೇ ತೊಲೆಯಂಥ ಭಾಗಕ್ಕೆ ಸೇರಿದ್ದು, ಒಂದು ಕಲ್ಲಿಗೆ ತಾಗಿದರೆ ಎರಡೂ ನೆಗೆಯುತ್ತವೆ. ಸ್ಪ್ರಿಂಗಿನ ಕುಣಿತವನ್ನು ತಡೆಯಲು ಎಣ್ಣೆಯ ಕೊಳವೆಗಳಿಲ್ಲ. ಮಿಡತೆಯೆಂಬ ಹೆಸರು ಅನ್ವರ್ಥಕವೇ ಆಯಿತೆನ್ನಬೇಕು. ಗಾಲಿಗಳು ತಿರುಗುವದು ಬೇರಿಂಗುಗಳ ಮೇಲಲ್ಲ, ಪ್ಲಾಸ್ಟಿಕ್ಕಿನ ಬುಶ್ಶುಗಳ ಮೇಲೆ. ಧೂಳು ಹೊಕ್ಕರೆ ಅವು ಸವೆದು ಗಾಲಿ ವಾಲುವದು. ವೇಗವನ್ನು ಹೆಚ್ಚುಕಡಿಮೆ ಮಾಡುವ ಅಂದಿನ ಏರ್ಪಾಡು ಇನ್ನೂ ವಿಚಿತ್ರ. ತಾಮ್ರದ ಪಟ್ಟಿಗಳ ಮೇಲೆ ಒಂದು ತೋಳು ಸರಿಯುತ್ತದೆ. ಬಂಡಿಯು ನಿಧಾನ ಹೋಗಬೇಕಾದಾಗ ವಿದ್ಯುತ್ತನ್ನು ಒಂದು ನಿರೋಧಕದೊಳಗಿಂದ ಹಾಯಿಸಿ ಶಾಖವನ್ನಾಗಿ ಸುಟ್ಟುಬಿಡುತ್ತದೆ. ಅಂದರೆ ಮೆಲ್ಲಗೆ ಹೋದರೂ ಬ್ಯಾಟರಿಗೆ ಉಳಿತಾಯವಿಲ್ಲ. ಆ ಬ್ಯಾಟರಿಯೋ, ತಲಾ 1.2 ವೋಲ್ಟಿನ ಆರು ನಿಕ್ಕಲ್-ಕ್ಯಾಡ್ಮಿಯಂ ಕೋಶಗಳು ಕೂಡಿ 7.2 ವೋಲ್ಟು. ನಮ್ಮ ಚಾರ್ಜರಿನಲ್ಲಿ ಅದು ತುಂಬಲು ಒಂದು ಇಡೀ ರಾತ್ರಿ ಬೇಕು, ಅದೂ ಖಾನಾಪುರದಲ್ಲಿ ಕರೆಂಟು ಹೋಗದಿದ್ದರೆ. ಓಡುವದು ಕಾಲು ತಾಸು. ಮಲಪ್ರಭೆಯ ದಂಡೆಗೆ ಬಂಡಿಯನ್ನು ಎದೆಗವಚಿಕೊಂಡು ಹೋಗಿ, ಕಾಲು ತಾಸು ಓಡಿಸಿ, ಮತ್ತೆ ಎದೆಗವಚಿಕೊಂಡು ಬರುವದು. ಆ ಕಾಲು ತಾಸಿಗಾಗಿ ಊರ ಹುಡುಗರೆಲ್ಲ ನಮ್ಮ ಹಿಂದೆ.

ಹೀಗಿದ್ದರೂ ಈ ದೋಷಯುಕ್ತ ವಸ್ತುವನ್ನು ನಲವತ್ತು ವರ್ಷಗಳ ಮೇಲೆಯೂ ಜನರು ಹಣ ಕೊಟ್ಟು ಕೊಳ್ಳುವದೇಕೆ? ಹಳೆಯದರ ಮೇಲಿನ ಮೋಹವೆಂದರೆ ಅರ್ಧ ಉತ್ತರವಾಯಿತು. ನಮಗೆ ತೋರುವದು ಬೇರೆ. ಧಾರಾನಗರದ ಭೋಜರಾಜನು ಹನ್ನೊಂದನೆಯ ಶತಮಾನದ ತನ್ನ ಸಮರಾಂಗಣಸೂತ್ರಧಾರದಲ್ಲಿ ಯಂತ್ರಗಳಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕುಣಿಯುವ ಗೊಂಬೆಗಳು, ಬಾಗಿಲು ಕಾಯುವ ಮರದ ಭಟರು, ಹಗುರ ಮರದ ಹಕ್ಕಿ, ಎಲ್ಲವೂ ಅಲ್ಲಿವೆ. ಆದರೆ ಇವನ್ನು ಜೋಡಿಸುವ ಕ್ರಮವನ್ನು ಮಾತ್ರ ಹೇಳುವದಿಲ್ಲವೆಂದೂ, ಅದು ಗುಟ್ಟು ಕಾಯುವದಕ್ಕಾಗಿಯೇ ಹೊರತು ತಿಳಿಯದ್ದರಿಂದಲ್ಲವೆಂದೂ ಆತನು ಮೊದಲೇ ಹೇಳಿಬಿಡುತ್ತಾನೆ. ವಿದ್ಯಾರ್ಥಿದೆಶೆಯಲ್ಲಿ ಇದನ್ನು ಓದಿದಾಗ ನಮಗಾದ ನಿರಾಶೆ ಅಷ್ಟಿಷ್ಟಲ್ಲ. ಪಂಚತಂತ್ರದ ನೇಕಾರನಾದರೂ ಮಿತ್ರನಾದ ಬಡಗಿಯು ಮಾಡಿಕೊಟ್ಟ ಕೀಲಿನ ಗರುಡನನ್ನೇರಿ ರಾಜಪುತ್ರಿಯ ಉಪ್ಪರಿಗೆಗೆ ಹಾರಿದನೆಂದು ಕಥೆಯಿದೆ; ಕೀಲು ಎಲ್ಲಿತ್ತೆಂಬುದನ್ನು ಕಥೆಗಾರನು ಹೇಳುವ ಗೋಜಿಗೆ ಹೋಗಿಲ್ಲ. ಇನ್ನು ವೈಮಾನಿಕ ಶಾಸ್ತ್ರವೆಂಬ ಗ್ರಂಥವು ಚಿತ್ರಗಳನ್ನೇನೋ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಪರೀಕ್ಷಿಸಿ, ಅದು ಪುರಾತನವೂ ಅಲ್ಲ, ಅದರ ವಿಮಾನಗಳು ಹಾರಲಾರವೂ ಎಂದು ನಿರ್ಣಯ ಕೊಟ್ಟರು. ಸಂಸ್ಕೃತಾಭಿಮಾನಿಗಳಾದ ನಮಗೆ ಇದರಿಂದ ಬೇಸರವಿಲ್ಲ. ಹಾರದ್ದನ್ನು ಹಾರಿತೆನ್ನುವದು ಅಭಿಮಾನವಲ್ಲ.

ನಮ್ಮ ರಟ್ಟಿನ ಪೆಟ್ಟಿಗೆಯ ಚಿತ್ರಕಾಗದದಲ್ಲಿ ಗುಟ್ಟೆಂಬುದೇ ಇರಲಿಲ್ಲ. ಯಾವ ತಿರುಪು ಎಷ್ಟು ಉದ್ದ, ಯಾವ ಹಲ್ಲಿಗೆ ಯಾವ ಹಲ್ಲು ಕೂಡಬೇಕು, ಎಲ್ಲವೂ ಬಯಲು. ಕಟ್ಟಿದವನು ಕೆಟ್ಟಾಗ ಬಿಚ್ಚಬಲ್ಲನು. ಹಿಂದಿನ ಗಾಲಿ ನೆಗೆಯುವದೇಕೆಂದು ಹದಿನಾಲ್ಕು ವರ್ಷದ ನಮ್ಮ ತಮ್ಮನು ನಮಗೆ ತಿಳಿಸಿ ಹೇಳಿದನು. ನಾವು ಅವನಿಗೆ ಹೇಳಿದ್ದಲ್ಲ. ದೋಷವು ಕಣ್ಣಿಗೆ ಕಾಣುವಂತಿದ್ದುದರಿಂದಲೇ ಅವನಿಗೆ ಅದು ಪಾಠವಾಯಿತು.

ಇನ್ನು ಮೊಮ್ಮಗನ ಪ್ರಶ್ನೆಗೆ ಬರುವ. ಖಾನಾಪುರದ ಮನೆಯು 2009ರಲ್ಲಿ ಎರಡು ಪಾಲಾಯಿತು. ಹಿತ್ತಲ ಬಾವಿಯ ಪಕ್ಕದ ಹತ್ತು ಮೊಳ ಜಾಗಕ್ಕಾಗಿ ಅಣ್ಣತಮ್ಮಂದಿರಾದ ನಾವು ಆಡಬಾರದ ಮಾತು ಆಡಿದೆವು. ಆ ಜಾಗದಲ್ಲಿ ಇಂದಿಗೂ ಕೆಸುವಿನ ಹೊರತು ಬೇರೇನೂ ಬೆಳೆದಿಲ್ಲವೆಂದು ಕೇಳುತ್ತೇವೆ. ಸಾಮಾನು ಹೊರುವ ಗದ್ದಲದಲ್ಲಿ ಬಂಡಿಯು ನಮ್ಮ ಟ್ರಂಕಿನೊಡನೆ ಬೆಳಗಾವಿಗೆ ಬಂದಿತು. ಅದನ್ನು ನಡೆಯಿಸುವ ಯಂತ್ರ, ಹುಡುಗರು ರಿಮೋಟು ಎನ್ನುವದು, ತಮ್ಮನ ಕಪಾಟಿನಲ್ಲಿ ಉಳಿಯಿತು. ಆಮೇಲೆ ಮದುವೆ ಮುಂಜಿಗಳಲ್ಲಿ ಭೆಟ್ಟಿ, ಕುಶಲಪ್ರಶ್ನೆ; ಅಷ್ಟೇ.

ಬೇರೊಂದು ರಿಮೋಟು ತಂದರಾಗದೇ ಎಂದು ವಾಚಕರು ಕೇಳಬಹುದು, ಮೊಮ್ಮಗನೂ ಕೇಳಿದನು. ಆ ಕಾಲದ ಯಂತ್ರಗಳಲ್ಲಿ ಹಾಗಾಗುವದಿಲ್ಲ. ಅವು 27 ಮೆಗಾಹರ್ಟ್ಸಿನ ಸುಮಾರಿನಲ್ಲಿ ಮಾತಾಡುತ್ತಿದ್ದವು. ಕಳುಹಿಸುವದರಲ್ಲೊಂದು, ಕೇಳುವದರಲ್ಲೊಂದು, ಹೀಗೆ ಎರಡು ಚಿಕ್ಕ ಸ್ಫಟಿಕಗಳು ಜೋಡಿಯಾಗಿ ಇರಬೇಕು. ಜೋಡಿ ತಪ್ಪಿದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸದು. ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿಯೆಂದು ಆರು ಜೋಡಿಗಳು. ಒಂದೇ ಬಣ್ಣದ ಇಬ್ಬರು ಒಂದೇ ಬಯಲಿಗೆ ಬಂದರೆ ಇವನ ಬಂಡಿ ಅವನ ಮಾತು ಕೇಳಿ ಗಟಾರಕ್ಕೆ ಬೀಳುವದು. ಇದೂ ಆ ಕಾಲದ ಒಂದು ದೊಡ್ಡ ನ್ಯೂನತೆಯೇ. ಈಗಿನ 2.4 ಗಿಗಾಹರ್ಟ್ಸಿನ ಯಂತ್ರಗಳು ಪರಸ್ಪರ ಗುರುತು ಹಿಡಿದು ತಮ್ಮಷ್ಟಕ್ಕೆ ತಾವು ಮಾತಾಡಿಕೊಳ್ಳುತ್ತವೆ.

"ಹಂಗಾದ್ರ ಸಣ್ಣಜ್ಜಗ ಫೋನ್ ಮಾಡ್ರಿ ಅಜ್ಜಾ."

ನಾವು ಫೋನು ಮಾಡಲಿಲ್ಲ. ಅದರ ಬದಲು ಖಡೇಬಜಾರಕ್ಕೆ ಕರೆದುಕೊಂಡು ಹೋಗಿ ಸಾವಿರ ರೂಪಾಯಿಯ ಒಳಗೆ ಒಂದು ಸಿದ್ಧ ಕಾರನ್ನು ಕೊಡಿಸಿದೆವು. ಮಿನುಗುವ ದೀಪಗಳು, ಹಾರ್ನು, ಎಲ್ಲ ಇದ್ದವು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಬಯಲಿನಲ್ಲಿ ಏಳು ದಿನ ಚೆನ್ನಾಗಿ ಓಡಿ ಎಂಟನೆಯ ದಿನ ನಿಂತಿತು. ಬಿಚ್ಚೋಣವೆಂದರೆ ಹೊದಿಕೆಯನ್ನು ಅಂಟಿಸಿಬಿಟ್ಟಿದ್ದರು. ಅಂಗಡಿಯವನು ಹೊಸದು ಕೊಳ್ಳಿರೆಂದನು. ಭೋಜರಾಜನ ಗುಟ್ಟಿಗಿಂತ ಇದು ಭದ್ರವಾದ ಗುಟ್ಟು!

ಹೊಸ ಪೆಟ್ಟಿಗೆಯನ್ನೇ ತರಿಸಿದರಾಯಿತೆಂದರೆ ಬೆಲೆಯ ಮಾತು ಬರುವದು. ಹೊರದೇಶದ ಆಟಿಗೆಗಳ ಮೇಲಿನ ಸುಂಕವು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ನಮ್ಮವರೇ ಆಟಿಗೆ ಮಾಡಲೆಂಬ ಉದ್ದೇಶ ಒಳ್ಳೆಯದೇ. ವಿಮಾನದ ಭಾಗಗಳು ನಮ್ಮ ಜಿಲ್ಲೆಯ ಹತ್ತರಗಿಯಲ್ಲಿಯೇ ತಯಾರಾಗುತ್ತಿರುವಾಗ ಒಂದು ಆಟದ ಬಂಡಿಯ ಪೆಟ್ಟಿಗೆ ಇಲ್ಲಿ ಆಗಬಾರದೇಕೆ? ಆದರೆ ಬಿಚ್ಚಲು ಬರುವಂಥದನ್ನು ಮಾಡಲಿ. ಹಾರುವ ಮಾದರಿಗಳನ್ನು ಮಾತ್ರ ನಾವು ಹುಡುಗನಿಗೆ ಬೇಡವೆಂದೆವು. ಸಾಂಬ್ರೆಯ ವಿಮಾನ ನಿಲ್ದಾಣ ಒಂದೆಡೆ, ದಂಡಿನ ಪ್ರದೇಶ ಇನ್ನೊಂದೆಡೆ. 2021ರ ಡ್ರೋನ್ ನಿಯಮಗಳ ಮೇರೆಗೆ ಆಕಾಶಕ್ಕೆ ಕೆಂಪು, ಹಳದಿ, ಹಸಿರು ವಲಯಗಳಿವೆ. ಅವನ್ನು ನೋಡದೆ ಹಾರಿಸುವದು ತರವಲ್ಲ.

ಇಷ್ಟರಲ್ಲಿ ಹುಡುಗನು ಅಜ್ಜಿಯಿಂದ ನಂಬರು ಪಡೆದು ತಾನೇ ಖಾನಾಪುರಕ್ಕೆ ಫೋನು ಮಾಡಿಬಿಟ್ಟಿದ್ದನು. ಮೂರನೆಯ ದಿನ ಪರಿಚಯದ ಗೃಹಸ್ಥರೊಬ್ಬರು ಬಸ್ಸಿನಿಂದ ಇಳಿದು ಒಂದು ಗಂಟು ತಂದು ಕೊಟ್ಟರು. ಹಳೆಯ ಧೋತರದಲ್ಲಿ ಸುತ್ತಿದ ರಿಮೋಟು. ಕೆಳಗೆ ನಾಲ್ಕು ಮಡಿಕೆಯ ಆ ಚಿತ್ರಕಾಗದ, ಅಂಚಿನಲ್ಲಿ ನಮ್ಮ ಅಕ್ಷರ. ಅದು ಎಂದೋ ಹರಿದುಹೋಯಿತೆಂದು ನಾವು ತಿಳಿದಿದ್ದೆವು. ಮಡಿಕೆಗಳು ಸವೆದಲ್ಲೆಲ್ಲ ಹಿಂದಿನಿಂದ ಪಟ್ಟಿ ಹಚ್ಚಿದ್ದನು.

ಒಳಗೆ ಉಳಿದಿದ್ದ ಎಂಟು ಸೆಲ್ಲುಗಳು ಸೋರಿ ರಿಮೋಟಿನ ಸ್ಪ್ರಿಂಗುಗಳು ಹಸಿರುಗಟ್ಟಿದ್ದವು. ಮಾತಾಡುವ ಸಂದರ್ಭ ಬಂದರೆ ಹೇಳಲು ನಮಗೊಂದು ಆಕ್ಷೇಪಣೆ ಸಿಕ್ಕಿತೆಂದು ಮನಸ್ಸಿಗೆ ಸ್ವಲ್ಪ ಸಮಾಧಾನವೂ ಆಯಿತೆಂಬುದನ್ನು ಮುಚ್ಚಿಡಲಾರೆವು. ನೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನು ಸ್ಪ್ರಿಂಗುಗಳನ್ನು ಉಜ್ಜಿ, ಹೊಸ ಸೆಲ್ಲು ಹಾಕಿ, ತನ್ನ ಸಲಕರಣೆಯಿಂದ ಪರೀಕ್ಷಿಸಿ ಹೇಳಿದ್ದೇನೆಂದರೆ, ರಿಮೋಟು ಸರಿಯಾಗಿಯೇ ಮಾತಾಡುತ್ತಿದೆ. ಕೇಳುವ ಭಾಗ, ನಮ್ಮ ಬಂಡಿಯೊಳಗಿನದು, ಸತ್ತಿದೆ. ಅದು ದುರಸ್ತಿಯಾಗುವ ಹಾಗಿಲ್ಲ. ಹೊಸ ಕಾಲದ ಜೋಡಿಯನ್ನೇ ಹಾಕಬೇಕು. ವೇಗಕ್ಕೆ ಆ ತಾಮ್ರದ ಪಟ್ಟಿಗಳ ಬದಲು ಇಲೆಕ್ಟ್ರಾನಿಕ್ ನಿಯಾಮಕ ಒಳ್ಳೆಯದು. ಲಿಥಿಯಂ ಬ್ಯಾಟರಿಯನ್ನು ಮಾತ್ರ ಹುಡುಗರ ಕೈಯಲ್ಲಿ ಬಿಟ್ಟು ಚಾರ್ಜಿಗೆ ಹಚ್ಚಬಾರದು, ಮಿತಿಮೀರಿದರೆ ಬೆಂಕಿ ಹಿಡಿಯುವದುಂಟು ಎಂದೂ ಅವನು ಎಚ್ಚರಿಸಿದನು. ಗೃಹಸ್ಥ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಹೊಸ ಜೋಡಿ ಬಂದರೆ ತಮ್ಮನು ಇಷ್ಟು ವರ್ಷ ಕಾಯ್ದಿಟ್ಟ ರಿಮೋಟು ನಿರುಪಯೋಗಿಯಾಗುವದು. ಇದನ್ನು ಅವನಿಗೆ ಹೇಳದೆ ಮಾಡುವದು ಸರಿಯಲ್ಲವೆಂದು ಎರಡು ದಿನ ಯೋಚಿಸಿ, ರಾತ್ರಿ ಊಟದ ಮೇಲೆ ನಾವೇ ಫೋನು ಮಾಡಿದೆವು. ನಿನ್ನ ಕಡೆಯದು ಸರಿಯಿದೆ, ಕೆಟ್ಟಿದ್ದು ನಮ್ಮ ಕಡೆಯದು ಎಂದು ಹೇಳುವಾಗ ನಾಲಗೆ ಸ್ವಲ್ಪ ತೊಡರಿತು. ಆ ಕಡೆ ಕ್ಷಣಕಾಲ ಮಾತಿಲ್ಲ. ಆಮೇಲೆ ಅವನು ಕೇಳಿದ್ದು ಇಷ್ಟೇ:

"ಅಣ್ಣಾ, ಹಿಂದಿನ ಗಾಲಿ ಇನ್ನೂ ಜಿಗೀತಾವೇನು?"

ಓಡಿದರಲ್ಲವೇ ಜಿಗಿಯುವದು ಎಂದೆವು. ಚವತಿಗೆ ಹುಡುಗನನ್ನೂ ಬಂಡಿಯನ್ನೂ ಕರೆದುಕೊಂಡು ಬರಬೇಕೆಂದನು. ಆ ಹೊತ್ತಿಗೆ ನದಿಯ ದಂಡೆಯೆಲ್ಲ ರಾಡಿಯಾಗಿರುತ್ತದೆ, ಅಂಗಳದಲ್ಲಿಯೇ ಓಡಿಸಬೇಕಾದೀತು ಎಂದೂ ಸೇರಿಸಿದನು. ಬಾವಿಯ ಪಕ್ಕದ ಜಾಗದಲ್ಲಿ ಕೆಸುವು ಕಿತ್ತರೆ ಹದಿನೈದು ಹೆಜ್ಜೆಯ ನೇರ ದಾರಿ ಸಿಗುವದಂತೆ.

ಮೊಮ್ಮಗನು ಶಾಲೆ ಸುರುವಾದದ್ದರಿಂದ ಪುಣೆಗೆ ಹೋಗಿದ್ದಾನೆ. ಹೊಸ ಜೋಡಿಯು ಬಂದಿದೆ. ವಾಲಿದ ಗಾಲಿಗೆ ಹಿತ್ತಾಳೆಯ ಬುಶ್ಶನ್ನು ಕಟೆದುಕೊಡಲು ಉದ್ಯಮಬಾಗದ ಒಬ್ಬ ಲೇಥಿನವನಿಗೆ ಕೊಟ್ಟಿದ್ದೇವೆ. ಇಷ್ಟು ಚಿಕ್ಕ ಕೆಲಸಕ್ಕೆ ದುಡ್ಡು ಬೇಡವೆಂದವನು ಮೂರು ವಾರದಿಂದ ನಾಳೆ ನಾಳೆ ಎನ್ನುತ್ತಿದ್ದಾನೆ.