ನಿವೃತ್ತ ಅಧಿಕಾರಿಯೂ ಡೈರೆಕ್ಟರ ಪೀಠವೂ

2024ನೆಯ ಇಸವಿಯ ಮಾರ್ಚ್ 31ನೆಯ ತಾರೀಖು ನಮ್ಮ ದೇಶದ ದೊಡ್ಡ ಕಂಪೆನಿಗಳ ಆಡಳಿತ ಮಂಡಲಿಗಳಲ್ಲಿ ಸದ್ದಿಲ್ಲದೆ ಒಂದು ಪರಿವರ್ತನೆಯನ್ನು ಉಂಟುಮಾಡಿತು. 2013ನೆಯ ಕಂಪೆನಿ ಕಾಯಿದೆಯ ಪ್ರಕಾರ ಸ್ವತಂತ್ರ ಡೈರೆಕ್ಟರೊಬ್ಬರು ಐದೈದು ವರ್ಷಗಳ ಎರಡು ಅವಧಿಗಳಿಗಿಂತ ಹೆಚ್ಚು ಕಾಲ ಒಂದೇ ಕಂಪೆನಿಯಲ್ಲಿ ಎಡೆಬಿಡದೆ ಇರತಕ್ಕದ್ದಲ್ಲ. ಆ ನಿಯಮವು 2014ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದುದರಿಂದ, ಅಂದಿನಿಂದ ಎರಡು ಅವಧಿಗಳನ್ನೂ ಪೂರೈಸಿದವರು ಹತ್ತು ವರ್ಷ ತುಂಬುತ್ತಲೇ ಪೀಠವನ್ನು ಬಿಟ್ಟಿಳಿಯಬೇಕಾಯಿತು. ತೆರವಾದ ಸ್ಥಾನಗಳಿಗೆ ಹೊಸಬರು ಬಂದರು, ಇನ್ನೂ ಬರುತ್ತಿದ್ದಾರೆ. ಇವರಲ್ಲಿ ಅನೇಕರು ಮೂವತ್ತು ನಲವತ್ತು ವರ್ಷಗಳ ಕಾಲ ಬ್ಯಾಂಕುಗಳನ್ನೂ ಕಾರ್ಖಾನೆಗಳನ್ನೂ ಸರ್ಕಾರದ ಇಲಾಖೆಗಳನ್ನೂ ನಡೆಸಿ ನಿವೃತ್ತರಾದವರು. ಅಧಿಕಾರದಲ್ಲಿ ಸಮರ್ಥನೆನಿಸಿಕೊಂಡವನು ಡೈರೆಕ್ಟರನಾಗಿಯೂ ಸಮರ್ಥನೇ ಆಗುವನೆಂದು ಲೋಕವು ಸುಲಭವಾಗಿ ನಂಬುತ್ತದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸುವುದು ಇಂದಿನ ಅಗತ್ಯವಾಗಿದೆ.

ಇದು ಶ್ರೀಮಂತರ ಮನೆಯ ಮಾತು, ಜನಸಾಮಾನ್ಯರಿಗೆ ಇದರಿಂದೇನು, ಎಂದು ಕೆಲವರು ಕೇಳಬಹುದು. ಕಾರ್ಮಿಕನ ಭವಿಷ್ಯ ನಿಧಿ, ವಿಮಾ ಕಂತು, ಉಪಾಧ್ಯಾಯನ ಪಿಂಚಣಿಯ ಉಳಿತಾಯ, ಗೃಹಿಣಿಯ ಠೇವಣಿ, ಇವೆಲ್ಲವೂ ಒಂದಲ್ಲ ಒಂದು ದಾರಿಯಿಂದ ಈ ಕಂಪೆನಿಗಳ ಬಂಡವಾಳವಾಗಿ ಪರಿಣಮಿಸುತ್ತವೆ. 2018ರಲ್ಲಿ ಐ.ಎಲ್. ಅಂಡ್ ಎಫ್.ಎಸ್. ಸಂಸ್ಥೆಯು 90 ಸಾವಿರ ಕೋಟಿ ರೂಪಾಯಿಗೂ ಮೀರಿದ ಸಾಲದ ಹೊರೆಯಿಂದ ಕುಸಿದಾಗ, ಭವಿಷ್ಯ ನಿಧಿಗಳ ಹಣವೂ ಅದರಲ್ಲಿ ಸಿಕ್ಕಿಕೊಂಡಿತು. ಕೇಂದ್ರ ಸರ್ಕಾರವು ಅದೇ ಅಕ್ಟೋಬರ್ 1ರಂದು ಹಳೆಯ ಮಂಡಲಿಯನ್ನು ತೆಗೆದುಹಾಕಿ ಹೊಸದನ್ನು ನಿಯಮಿಸಬೇಕಾಯಿತು. ಆದ್ದರಿಂದ ಡೈರೆಕ್ಟರ ಪೀಠವು ರಾಷ್ಟ್ರದ ಸಂಪತ್ತಿನ ಕಾವಲು ಪೀಠವೇ ಸರಿ.

ಅಧಿಕಾರಿಯ ಧರ್ಮ ಬೇರೆ, ಡೈರೆಕ್ಟರನ ಧರ್ಮ ಬೇರೆ. ಅಧಿಕಾರಿಯು ಆಜ್ಞೆ ಮಾಡುತ್ತಾನೆ, ಆಜ್ಞೆ ನಡೆಯುತ್ತದೆ. ಅವನ ಕೈಕೆಳಗೆ ನೌಕರರುಂಟು, ಕಡತಗಳುಂಟು, ಪ್ರತಿದಿನದ ವರದಿಗಳುಂಟು. ಡೈರೆಕ್ಟರನಿಗೆ ಇವೊಂದೂ ಇಲ್ಲ. ಒಂಟಿಯಾಗಿ ಅವನಿಗೆ ಒಬ್ಬ ಗುಮಾಸ್ತನಿಗೆ ಅಪ್ಪಣೆ ಮಾಡುವ ಅಧಿಕಾರವೂ ಇಲ್ಲ. ಅಧಿಕಾರವಿರುವುದು ಸಭೆ ಸೇರಿದ ಮಂಡಲಿಗೆ. ಕಾಯಿದೆಯಂತೆ ವರ್ಷಕ್ಕೆ ನಾಲ್ಕು ಸಭೆಗಳಾದರೂ ನಡೆಯಬೇಕು. ಎರಡು ಸಭೆಗಳ ನಡುವೆ 120 ದಿನಗಳಿಗಿಂತ ಹೆಚ್ಚು ಅಂತರವಿರಕೂಡದು. ಆ ಕೆಲವೇ ದಿನಗಳಲ್ಲಿ, ಇತರರು ಸಿದ್ಧಪಡಿಸಿದ ಕಾಗದಗಳ ಆಧಾರದ ಮೇಲೆ, ಇತರರು ಮಾಡುವ ಕಾರ್ಯದ ಗುಣಾವಗುಣಗಳನ್ನು ಅವನು ತೂಗಿ ನೋಡಬೇಕು. ಮಾಡುವವನ ಸಾಮರ್ಥ್ಯವೇ ಒಂದು, ಮಾಡಿದ್ದನ್ನು ವಿಚಾರಿಸುವವನ ಸಾಮರ್ಥ್ಯವೇ ಇನ್ನೊಂದು.

ಕೇವಲ ಕೀರ್ತಿ ಪಾಂಡಿತ್ಯಗಳು ಕಾವಲಿಗೆ ಸಾಲವೆಂಬುದಕ್ಕೆ ಹೈದರಾಬಾದಿನ ಸತ್ಯಂ ಕಂಪೆನಿಗಿಂತ ಬೇರೆ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಅದರ ಮಂಡಲಿಯಲ್ಲಿ ಭಾರತ ಸರ್ಕಾರದ ಸಂಪುಟ ಕಾರ್ಯದರ್ಶಿಯಾಗಿದ್ದವರಿದ್ದರು, ಹಾರ್ವರ್ಡಿನ ಪ್ರಾಧ್ಯಾಪಕರಿದ್ದರು, ದೊಡ್ಡ ವಿದ್ಯಾಸಂಸ್ಥೆಗಳ ಮುಖ್ಯಸ್ಥರಿದ್ದರು. 2008ನೆಯ ಡಿಸೆಂಬರ್ 16ರಂದು ಆ ಮಂಡಲಿಯು, ಕಂಪೆನಿಯ ಸ್ಥಾಪಕರ ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಸಂಸ್ಥೆಗಳನ್ನು ಸುಮಾರು 160 ಕೋಟಿ ಡಾಲರುಗಳಿಗೆ ಕೊಳ್ಳಲು ಒಪ್ಪಿಗೆಯನ್ನಿತ್ತಿತು. ಷೇರುದಾರರು ಭುಗಿಲೆದ್ದುದರಿಂದ ಕೆಲವೇ ಗಂಟೆಗಳಲ್ಲಿ ಆ ನಿರ್ಣಯವನ್ನು ಹಿಂತೆಗೆದುಕೊಳ್ಳಬೇಕಾಯಿತು. 2009ನೆಯ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಅವರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕು ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿಗಳು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು.

ಆ ಸ್ವತಂತ್ರ ಡೈರೆಕ್ಟರುಗಳು ವಂಚನೆಯಲ್ಲಿ ಭಾಗಿಗಳೆಂದು ನಾವು ಹೇಳುತ್ತಿಲ್ಲ. ಅವರಿಗೆ ತೋರಿಸಿದ ಲೆಕ್ಕವೇ ಸುಳ್ಳಾಗಿತ್ತು. ಆದರೆ ತಂತ್ರಾಂಶದ ವ್ಯಾಪಾರ ಮಾಡುವ ಕಂಪೆನಿಯು ಸ್ಥಾಪಕರ ಮನೆಯವರ ಭೂಮಿ ಕಟ್ಟಡಗಳ ವ್ಯಾಪಾರವನ್ನೇಕೆ ಕೊಳ್ಳಬೇಕೆಂಬ ಪ್ರಶ್ನೆಗೆ ಸಮಾಧಾನಕರವಾದ ಉತ್ತರ ದೊರೆಯುವವರೆಗೆ ಒಪ್ಪಿಗೆಯನ್ನು ತಡೆಹಿಡಿಯಲು ಲೆಕ್ಕಶಾಸ್ತ್ರದ ಆಳವಾದ ಜ್ಞಾನವೇನೂ ಬೇಕಿರಲಿಲ್ಲ. ಉನ್ನತ ಅಧಿಕಾರದಿಂದ ಬಂದವರಿಗೆ ಸಭಾ ಮರ್ಯಾದೆಯೆಂಬುದು ಸ್ವಭಾವವಾಗಿಬಿಟ್ಟಿರುತ್ತದೆ. ತಾವು ಆಳುತ್ತಿದ್ದಾಗ ಇತರರು ತಮ್ಮನ್ನು ನಂಬಿದಂತೆ, ಈಗ ಆಳುವವರನ್ನು ತಾವು ನಂಬುವುದು ಸೌಜನ್ಯವೆಂದು ಅವರು ಭಾವಿಸುತ್ತಾರೆ. ಆ ಸೌಜನ್ಯದ ಬೆಲೆಯನ್ನು ತೆರುವವರು ಸಭೆಯಲ್ಲಿರುವುದಿಲ್ಲ; ಅವರು ಸಣ್ಣ ಷೇರುದಾರರು ಮತ್ತು ನೌಕರರು.

ಅದೇ ಸತ್ಯಂ ಕಂಪೆನಿಯ ಎರಡನೆಯ ಅಧ್ಯಾಯವು ಇದಕ್ಕೆ ಪ್ರತಿಯಾದ ಪಾಠವನ್ನು ಕಲಿಸುತ್ತದೆ. ಕೇಂದ್ರ ಸರ್ಕಾರವು ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್, ಸಿ. ಅಚ್ಯುತನ್ ಅವರನ್ನೂ, ಅನಂತರ ತರುಣ್ ದಾಸ್, ಟಿ.ಎನ್. ಮನೋಹರನ್, ಬಾಲಕೃಷ್ಣ ಮೈನಾಕ್ ಅವರನ್ನೂ ಡೈರೆಕ್ಟರುಗಳನ್ನಾಗಿ ನಿಯಮಿಸಿತು. ಇವರೂ ಬೇರೆಡೆಗಳಲ್ಲಿ ದೊಡ್ಡ ಹೊಣೆಗಳನ್ನು ಹೊತ್ತವರೇ. ಆದರೆ ಇವರು ಕಂಪೆನಿಯನ್ನು ತಾವೇ ನಡೆಸಲು ಹೊರಡಲಿಲ್ಲ. ಒಳಗಿನವರೇ ಆದ ಎ.ಎಸ್. ಮೂರ್ತಿ ಅವರನ್ನು ಫೆಬ್ರವರಿ ತಿಂಗಳಲ್ಲಿ ಮುಖ್ಯ ಕಾರ್ಯನಿರ್ವಾಹಕರನ್ನಾಗಿ ಮಾಡಿದರು. ಮಾರಾಟದ ಮೇಲ್ವಿಚಾರಣೆಗೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರನ್ನು ಕರೆತಂದರು; ಏಪ್ರಿಲ್ 13ರಂದು, ಎಂದರೆ ಸುಮಾರು ನೂರು ದಿನಗಳೊಳಗಾಗಿ, ಬಹಿರಂಗ ಪೈಪೋಟಿಯಲ್ಲಿ ಕಂಪೆನಿಯು ಟೆಕ್ ಮಹೀಂದ್ರದ ಪಾಲಾಯಿತು. ಸಾವಿರಾರು ಕುಟುಂಬಗಳ ಅನ್ನ ಉಳಿಯಿತು. ಯೋಗ್ಯರನ್ನು ಆರಿಸುವುದು, ಕ್ರಮವನ್ನು ನಿಶ್ಚಯಿಸುವುದು, ಕ್ರಮ ತಪ್ಪದಂತೆ ನೋಡಿಕೊಳ್ಳುವುದು, ಡೈರೆಕ್ಟರನ ನಿಜವಾದ ಕೆಲಸವು ಇಷ್ಟೇ. ಈ ಇಷ್ಟರಲ್ಲಿಯೇ ಎಲ್ಲವೂ ಅಡಗಿದೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಹಿರಿದಾದ ಮೇಲ್ಪಂಕ್ತಿಯುಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ಮೈಸೂರಿನ ದಿವಾನಗಿರಿಯನ್ನು ಬಿಟ್ಟರು. ಅನಂತರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ತೊಡಕಿಗೆ ಸಿಕ್ಕಿದಾಗ ಅದರ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ ಅದನ್ನು ಎತ್ತಿ ನಿಲ್ಲಿಸಿದರು. 1927ರಲ್ಲಿ ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಂಪೆನಿಯ ಡೈರೆಕ್ಟರಾಗಿ, 1955ರವರೆಗೂ ಆ ಸ್ಥಾನದಲ್ಲಿದ್ದರು. ಭದ್ರಾವತಿಯಲ್ಲಿ ಅವರದು ದಿನದಿನದ ಕಾರ್ಯಭಾರ; ಟಾಟಾ ಮಂಡಲಿಯಲ್ಲಿ ಸಲಹೆ ಮತ್ತು ವಿಮರ್ಶೆ. ಒಬ್ಬನೇ ಪುರುಷನು ಎರಡು ಬಗೆಯ ಪೀಠಗಳಲ್ಲಿ ಎರಡು ಬಗೆಯ ಕರ್ತವ್ಯವನ್ನು ನಿರ್ವಹಿಸಬಲ್ಲನೆಂಬುದಕ್ಕೆ ಇದು ಸಾಕ್ಷಿ. ಆ ಕಾಲದಲ್ಲಿ ಇಪ್ಪತ್ತೆಂಟು ವರ್ಷಗಳ ಡೈರೆಕ್ಟರಗಿರಿಗೆ ಅಡ್ಡಿಯಿರಲಿಲ್ಲ. ಇಂದಿನ ಕಾಯಿದೆ ಸ್ವತಂತ್ರ ಡೈರೆಕ್ಟರಿಗೆ ಹತ್ತೇ ವರ್ಷಗಳನ್ನು ಕೊಡುತ್ತದೆ. ಆದುದರಿಂದ ಇಂದಿನವನು ಕೆಲಸವನ್ನು ಬೇಗನೆ ಕಲಿತುಕೊಳ್ಳಬೇಕು.

ತಾನು ಆಳಿದ ಮನೆಗೇ ಮರಳಿ ಬರುವವನ ಕಷ್ಟವು ಇನ್ನೊಂದು ತೆರನಾದುದು. 2017ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಕಂಪೆನಿಯಲ್ಲಿ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರಿಗೂ ಮಂಡಲಿಗೂ ನಡುವೆ ಬಹಿರಂಗ ವಾದ ನಡೆದು, ಆಗಸ್ಟ್ 18ರಂದು ಮುಖ್ಯಾಧಿಕಾರಿ ವಿಶಾಲ್ ಸಿಕ್ಕಾ ರಾಜೀನಾಮೆಯಿತ್ತರು. ಸ್ಥಾಪಕರು ಎತ್ತಿದ ಪ್ರಶ್ನೆಗಳು ನ್ಯಾಯವಾದವೆಂದು ಕೆಲವರೂ, ಅಧಿಕಾರ ಬಿಟ್ಟವರು ಹೊರಗಿನಿಂದ ಕೈಹಾಕಬಾರದೆಂದು ಕೆಲವರೂ ವಾದಿಸಿದರು. ಆ ವಾದವನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಗಮನಾರ್ಹವಾದುದು ಮುಂದೆ ನಡೆದ ಸಂಗತಿ. 2002ರಿಂದ 2007ರವರೆಗೆ ಕಂಪೆನಿಯನ್ನು ನಡೆಸಿದ್ದ ನಂದನ್ ನಿಲೇಕಣಿಯವರು ಆಗಸ್ಟ್ 24ರಂದು ಅಧ್ಯಕ್ಷರಾಗಿ ಬಂದರು. ಆದರೆ ಕಾರ್ಯಭಾರವನ್ನು ತಾವು ಹೊರದೆ, 2018ನೆಯ ಜನವರಿಯಿಂದ ಸಲೀಲ್ ಪಾರೇಖ್ ಅವರಿಗೆ ಒಪ್ಪಿಸಿದರು. ತನಗೆ ಚೆನ್ನಾಗಿ ಗೊತ್ತಿರುವ ಕೆಲಸವನ್ನು ಇನ್ನೊಬ್ಬನು ತನ್ನ ರೀತಿಯಲ್ಲಿ ಮಾಡಲು ಬಿಡುವ ಸಂಯಮವು ಸಾಮಾನ್ಯವಾದುದಲ್ಲ. ತನ್ನದೇ ಕಂಪೆನಿಯಲ್ಲಿ ಅಧಿಕಾರಿಯಾಗಿದ್ದವನು ಮೂರು ವರ್ಷ ಕಳೆಯದೆ ಅಲ್ಲಿಯೇ ಸ್ವತಂತ್ರ ಡೈರೆಕ್ಟರಾಗಕೂಡದೆಂದು ಕಾಯಿದೆ ವಿಧಿಸಿರುವುದು ಯುಕ್ತವೇ ಆಗಿದೆ.

ಹಾಗಾದರೆ ಹೊಸ ಡೈರೆಕ್ಟರನು ಮಾಡತಕ್ಕದ್ದೇನು? ಮೊದಲನೆಯದಾಗಿ, ಆಮಂತ್ರಣವನ್ನು ಸನ್ಮಾನವೆಂದು ಸ್ವೀಕರಿಸದೆ, ಹೊಣೆಯೆಂದು ಪರೀಕ್ಷಿಸಬೇಕು. ಹಿಂದಿನ ಕೆಲವು ವರ್ಷಗಳ ಲೆಕ್ಕಪತ್ರಗಳನ್ನು ಓದಬೇಕು. ತನಗಿಂತ ಮೊದಲು ಆ ಸ್ಥಾನದಲ್ಲಿದ್ದವರು ಏಕೆ ಬಿಟ್ಟರೆಂದು ತಿಳಿಯಬೇಕು. ಲೆಕ್ಕ ಪರಿಶೋಧಕರು ಅವಧಿಗೆ ಮೊದಲೇ ಬದಲಾಗಿದ್ದರೆ ಕಾರಣವನ್ನು ಕೇಳಬೇಕು. ಎರಡನೆಯದಾಗಿ, ಕಾಲವನ್ನು ಕೊಡಬೇಕು. ಷೇರುಪೇಟೆಯ ಏಳು ಕಂಪೆನಿಗಳವರೆಗೆ ಸ್ವತಂತ್ರ ಡೈರೆಕ್ಟರಾಗಲು ನಿಯಮವು ಅವಕಾಶ ಕೊಡುತ್ತದೆ. ಏಳು ಕಂಪೆನಿಗಳ ಕಾಗದಗಳನ್ನು ನಿಜವಾಗಿ ಓದಬಲ್ಲ ಮನುಷ್ಯರು ವಿರಳ. ಮೂರನೆಯದಾಗಿ, ಪ್ರಶ್ನೆ ಕೇಳುವ ವಿದ್ಯೆಯನ್ನು ಕಲಿಯಬೇಕು. ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎಂಬುದು ಪ್ರಶ್ನೆಯಲ್ಲ, ಹಳೆಯ ಅಧಿಕಾರದ ಗುಂಗು. ‘ಈ ಹಣ ಎಲ್ಲಿದೆ? ಈ ಲಾಭ ನಗದಾಗಿ ಬಂದಿದೆಯೇ? ಈ ವ್ಯವಹಾರದಿಂದ ಸ್ಥಾಪಕರ ಬಂಧುಗಳಿಗೆ ಏನು ಲಾಭ? ನಮ್ಮ ಎಣಿಕೆ ತಪ್ಪಿದರೆ ಗತಿಯೇನು?’ ಇವು ಪ್ರಶ್ನೆಗಳು. ತನ್ನ ಅನುಭವವಿರುವ ಕ್ಷೇತ್ರದಲ್ಲಿ ಮಾತ್ರ ಬಾಯಿ ಬಿಟ್ಟು, ಉಳಿದೆಡೆ ತಲೆದೂಗುವ ಡೈರೆಕ್ಟರನು ಅರ್ಧ ಡೈರೆಕ್ಟರನೇ ಸರಿ.

ನಾಲ್ಕನೆಯದಾಗಿ, ಭಿನ್ನಾಭಿಪ್ರಾಯವು ನಡವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಬಗೆಹರಿಯದ ಆತಂಕವನ್ನು ನಡವಳಿಯಲ್ಲಿ ಬರೆಯಿಸಬೇಕೆಂದು ಕಾಯಿದೆಯ ನಾಲ್ಕನೆಯ ಅನುಸೂಚಿಯೇ ಹೇಳಿದೆ. ಅಧಿಕಾರಿಗಳಿಲ್ಲದೆ ಸ್ವತಂತ್ರ ಡೈರೆಕ್ಟರುಗಳು ವರ್ಷಕ್ಕೊಮ್ಮೆಯಾದರೂ ಪ್ರತ್ಯೇಕವಾಗಿ ಕಲೆಯಬೇಕೆಂದೂ ಅದೇ ವಿಧಿಸಿದೆ. ಆ ಸಭೆಯನ್ನು ಚಹಾಪಾನದಲ್ಲಿ ಮುಗಿಸುವುದು ಕರ್ತವ್ಯಚ್ಯುತಿ. ಕೊನೆಯದಾಗಿ, ಹೊರಡಬೇಕಾಗಿ ಬಂದಾಗ ನಿಜವಾದ ಕಾರಣವನ್ನು ಹೇಳಿ ಹೊರಡಬೇಕು. ‘ಸ್ವಂತ ಕಾರಣ’ವೆಂಬ ಎರಡು ಮಾತುಗಳ ಹಿಂದೆ ಎಷ್ಟೋ ಕಂಪೆನಿಗಳ ರೋಗವು ಅಡಗಿ ಕುಳಿತಿತ್ತು, ಅದಕ್ಕಾಗಿಯೇ ಸೆಬಿ ಸಂಸ್ಥೆಯು ರಾಜೀನಾಮೆಯ ಕಾರಣಗಳನ್ನು ವಿವರವಾಗಿ ಪ್ರಕಟಿಸಬೇಕೆಂದು ನಿಯಮ ಮಾಡಿದೆ.

ಸ್ಥಾಪಕನೇ ಆರಿಸುವ, ಸ್ಥಾಪಕನೇ ತೆಗೆದುಹಾಕಬಲ್ಲ ಡೈರೆಕ್ಟರನು ಸ್ವತಂತ್ರನಾಗುವುದೆಂತು ಎಂಬ ಆಕ್ಷೇಪವುಂಟು. ಆಕ್ಷೇಪವು ನಿರಾಧಾರವಲ್ಲ. 2016ರ ಡಿಸೆಂಬರಿನಲ್ಲಿ ಟಾಟಾ ಸಮೂಹದ ವಿವಾದದ ನಡುವೆ ನುಸ್ಲಿ ವಾಡಿಯಾ ಅವರನ್ನು ಮೂರು ಕಂಪೆನಿಗಳ ಸ್ವತಂತ್ರ ಡೈರೆಕ್ಟರ ಸ್ಥಾನದಿಂದ ಷೇರುದಾರರ ಮತದಿಂದ ತೆಗೆಯಲಾಯಿತು. ಆ ಮತಗಳಲ್ಲಿ ದೊಡ್ಡ ಪಾಲು ಸಮೂಹದ ಒಡೆತನದ್ದೇ ಆಗಿತ್ತು. 2022ನೆಯ ಜನವರಿ 1ರಿಂದ ಇಂಥ ನೇಮಕಕ್ಕೂ ವಜಾಕ್ಕೂ ವಿಶೇಷ ನಿರ್ಣಯ ಬೇಕೆಂದು ಸೆಬಿ ವಿಧಿಸಿರುವುದು ಸ್ವಾಗತಾರ್ಹವೇ. ಆದರೂ ಮುಕ್ಕಾಲು ಪಾಲು ಒಡೆತನ ಒಂದೇ ಮನೆಯಲ್ಲಿರುವಲ್ಲಿ ಈ ನಿರ್ಣಯದಿಂದ ಆಗುವ ರಕ್ಷಣೆ ಸ್ವಲ್ಪವೇ. ಸಣ್ಣ ಷೇರುದಾರರಿಗೆ ಪ್ರತ್ಯೇಕ ಮತದ ಹಕ್ಕು ಎಲ್ಲೆಡೆಯಲ್ಲಿಯೂ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ. ಜೊತೆಗೆ, ಸಭಾ ಭತ್ಯವನ್ನೂ ಕಮಿಷನ್ನನ್ನೂ ನಂಬಿ ಮನೆ ನಡೆಸುವವನು ಈ ಪೀಠಕ್ಕೆ ಬರಬಾರದು. ಕಳೆದುಕೊಳ್ಳುವ ಭಯವಿರುವವನಿಗೆ ಕೇಳುವ ಧೈರ್ಯ ಬರುವುದು ಕಷ್ಟ.

ಈ ಮಾತು ಮುಂಬಯಿ ಷೇರುಪೇಟೆಗೆ ಮಾತ್ರ ಸಲ್ಲುವುದಲ್ಲ. 2020ನೆಯ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧವನ್ನು ಹೇರಿ, ಠೇವಣಿದಾರನೊಬ್ಬನು 35 ಸಾವಿರ ರೂಪಾಯಿಗಳಿಗಿಂತ ಹೆಚ್ಚು ತೆಗೆಯಕೂಡದೆಂದು ಅಪ್ಪಣೆ ಮಾಡಿದಾಗ, ಜೀವಮಾನದ ಗಳಿಕೆಯನ್ನಿಟ್ಟಿದ್ದ ವೃದ್ಧರು ಬಸವನಗುಡಿಯ ಬೀದಿಯಲ್ಲಿ ಸಾಲುಗಟ್ಟಿ ನಿಂತರು. ಆ ಸಂಕಟವು ಕನ್ನಡಿಗರ ನೆನಪಿನಿಂದ ಮಾಸತಕ್ಕದ್ದಲ್ಲ. ಅದಕ್ಕೆ ಕೆಲವೇ ದಿನಗಳ ಮುಂಚೆ, 2019ನೆಯ ಡಿಸೆಂಬರ್ 31ರಂದು, 100 ಕೋಟಿ ರೂಪಾಯಿಗೂ ಹೆಚ್ಚಿನ ಠೇವಣಿಯುಳ್ಳ ಪಟ್ಟಣ ಸಹಕಾರ ಬ್ಯಾಂಕುಗಳು ಅನುಭವಿಗಳ ವ್ಯವಸ್ಥಾಪನ ಮಂಡಲಿಯೊಂದನ್ನು ನಿಯಮಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು ಸೂಚಿಸಿತ್ತು. ಕೆನರಾ, ಸಿಂಡಿಕೇಟ್, ವಿಜಯ, ಕಾರ್ಪೊರೇಷನ್ ಮೊದಲಾದ ಬ್ಯಾಂಕುಗಳು ಹುಟ್ಟಿದ ನಾಡಿನಲ್ಲಿ ಇಂಥ ಅನುಭವಿಗಳಿಗೆ ಬರವಿಲ್ಲ. ದೊಡ್ಡ ಕಂಪೆನಿಗಳ ಭತ್ಯವೂ ಗೌರವವೂ ಇಲ್ಲಿ ದೊರೆಯದಿರಬಹುದು. ಆದರೆ ಕಾವಲಿನ ಅಗತ್ಯವು ಇಲ್ಲಿಯೇ ಹೆಚ್ಚು.

ಆದಕಾರಣ ನಮ್ಮ ನಿವೃತ್ತ ಬ್ಯಾಂಕು ಅಧಿಕಾರಿಗಳಲ್ಲಿಯೂ ಲೆಕ್ಕ ಬಲ್ಲವರಲ್ಲಿಯೂ ನಾವು ಮಾಡುವ ವಿಜ್ಞಾಪನೆಯಿದು: ಊರಿನ ಸಹಕಾರ ಬ್ಯಾಂಕಿನ ಮಂಡಲಿಗೆ ಕರೆ ಬಂದರೆ ಅಲ್ಪವೆಂದು ತಿರಸ್ಕರಿಸದಿರಿ. ಹೋದಮೇಲೆ ಆಳಲು ಹೋಗದೆ, ಸಾಲದ ಕಡತಗಳನ್ನು ತರಿಸಿ ಓದಿ. ಯಾರಿಗೆ, ಯಾವ ಆಧಾರದ ಮೇಲೆ, ಯಾರ ಶಿಫಾರಸಿನಿಂದ ಸಾಲ ಕೊಟ್ಟಿದೆಯೆಂದು ಕೇಳಿ. ಉತ್ತರ ಬರುವವರೆಗೆ ರುಜು ಹಾಕದಿರಿ. ಅಷ್ಟನ್ನು ನಡೆಸಿಕೊಟ್ಟವರಿಗೆ ಠೇವಣಿದಾರರು ಋಣಿಗಳಾಗಿರುವರು.