ಓದಿ ಹೇಳುತ್ತೇನೆ ಎಂದಿರಲ್ಲ, ಪ್ರಾಂಶುಪಾಲರೇ?

ನಾನು ಕಾಸರಗೋಡಿನ ಶಿರಿಯದ ಒಬ್ಬ ನಿವೃತ್ತ ಮಾಸ್ತರ.

ನಿಮ್ಮ ಹೆಸರನ್ನಾಗಲಿ ಕಾಲೇಜಿನ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ನಮ್ಮೂರಿನವರಿಗೆ ಗೊತ್ತಿದೆ, ನಿಮಗೂ ಗೊತ್ತಿದೆ, ಅಷ್ಟು ಸಾಕು. ಪತ್ರಿಕೆಗೆ ಬರೆಯುವ ಮೊದಲು ನಿಮಗೇ ಮೂರು ಪತ್ರ ಬರೆದಿದ್ದೇನೆ. ಮೊದಲನೆಯದಕ್ಕೆ ಆಫೀಸಿನಲ್ಲಿ ಸೀಲು ಹಾಕಿ ಕೊಟ್ಟರು. ಎರಡನೆಯದಕ್ಕೆ ಸೀಲೂ ಸಿಗಲಿಲ್ಲ. ಮೂರನೆಯದನ್ನು ಹಿಡಿದುಕೊಂಡು ನಾನೇ ಬಂದ ದಿನ ನೀವು ನ್ಯಾಕ್ ಮೌಲ್ಯಮಾಪನದ ಕೆಲಸದಲ್ಲಿದ್ದಿರಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿದೆ. ಅದರಿಂದ ಸಿಕ್ಕಿದ ಕಾಗದಗಳನ್ನು ಓದಿದ ಮೇಲೆ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ.

ನಡೆದದ್ದು ಊರಿಗೆಲ್ಲ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಕಾಲೇಜಿನ ಸಮುದಾಯ ಕಾಲೇಜು ವಿಭಾಗಕ್ಕೆ ಅನುದಾನ ಕೇಳಲಿಕ್ಕಿದೆ, ಪ್ರೊಪೋಸಲ್‌ನಲ್ಲಿ ಸ್ಥಳೀಯ ಅಗತ್ಯದ ಸಮೀಕ್ಷೆ ಇರಲೇಬೇಕು, ಊರಿನವರು ಸಹಕರಿಸಬೇಕು ಎಂದು ಕೇಳಿಕೊಂಡು ನೀವು ನಮ್ಮ ಕ್ಲಬ್ಬಿನ ಜಗಲಿಗೆ ಬಂದಿರಿ. ಚಾಪೆಯ ಮೇಲೆಯೇ ಕೂತಿರಿ. ಅದು ನಮಗೆಲ್ಲ ಹಿಡಿಸಿತು. ಎರಡು ತಿಂಗಳು ಭಾನುವಾರ ಭಾನುವಾರ ನಾನೂ ನಿಮ್ಮ ಕಾಲೇಜಿನ ಗೆಸ್ಟ್ ಲೆಕ್ಚರರ್ ಹುಡುಗಿಯೂ ಹೊಳೆಯ ಬದಿಯಿಂದ ಕಡಲ ಬದಿಯ ಕಡಪ್ಪುರದವರೆಗೆ ಮನೆ ಮನೆ ಹತ್ತಿ ಇಳಿದೆವು. ಎರಡು ನೋಟ್‌ಬುಕ್ ತುಂಬಿತು. ಅವನ್ನು ಕೊಡುವ ದಿನ ಜಗಲಿಯಲ್ಲಿ ಮತ್ತೆ ಜನ ಸೇರಿದ್ದರು. ಯಾರೂ ಕೇಳದೆ ನೀವಾಗಿಯೇ ಹೇಳಿದಿರಿ: “ಕಳುಹಿಸುವ ಮೊದಲು ಕೊನೆಯ ಪ್ರತಿಯನ್ನು ಇದೇ ಜಗಲಿಯಲ್ಲಿ ಕೂತು ನಿಮಗೆಲ್ಲ ಓದಿ ಹೇಳುತ್ತೇನೆ.”

ನಾವು ಕೇಳಿದ್ದು ದೊಡ್ಡದೇನಲ್ಲ. ಕನ್ನಡದಿಂದ ಮಲಯಾಳಕ್ಕೆ, ಮಲಯಾಳದಿಂದ ಕನ್ನಡಕ್ಕೆ ಕಚೇರಿ ಕಾಗದಗಳನ್ನು ಸರಿಯಾಗಿ ದಾಟಿಸಬಲ್ಲ ಹುಡುಗ ಹುಡುಗಿಯರನ್ನು ಆರು ತಿಂಗಳಲ್ಲಿ ತಯಾರು ಮಾಡುವ ಒಂದು ಸರ್ಟಿಫಿಕೇಟ್ ಕೋರ್ಸು. ವಿಲೇಜ್ ಆಫೀಸಿನ ನೋಟಿಸು, ಪಂಚಾಯತಿನ ಅರ್ಜಿ, ಬ್ಯಾಂಕಿನ ಜಪ್ತಿ ಕಾಗದ, ಆಸ್ಪತ್ರೆಯ ಚೀಟಿ ಓದಿ ಹೇಳುವವರು, ಬರೆದು ಕೊಡುವವರು ಬೇಕು. ಸರ್ಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಗಳಲ್ಲಿ ಅವರಿಗೆ ಕೆಲಸವೂ ಸಿಗುತ್ತದೆ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಕಡಪ್ಪುರದ ಒಂದು ಮನೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು ನಮ್ಮ ಮುಂದೆ ಇಟ್ಟರು. ಮನೆ ಕಟ್ಟುವ ಸಹಾಯಧನಕ್ಕೆ ಸಂಬಂಧಿಸಿದ ನೋಟಿಸು. ಅವರು ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು. ನೋಟಿಸು ಮಲಯಾಳದಲ್ಲಿತ್ತು. ತಾರೀಕು ಅಂಕೆಯಲ್ಲಿದ್ದುದರಿಂದ ಅದೊಂದು ಅವರಿಗೆ ಗೊತ್ತಾಗಿತ್ತು. ಆ ತಾರೀಕಿಗೆ ಏನು ಮಾಡಬೇಕು ಎಂಬುದು ಗೊತ್ತಾಗಿರಲಿಲ್ಲ. ಆ ದಿನ ಬೆಳಗ್ಗೆ ಮಿಂದು, ಒಳ್ಳೆಯ ಸೀರೆ ಉಟ್ಟು, ಯಾರಾದರೂ ಆಫೀಸರು ಬರಬಹುದೆಂದು ಮನೆಯಲ್ಲೇ ಕಾದು ಕೂತಿದ್ದರಂತೆ. ನೋಟಿಸಿನಲ್ಲಿದ್ದದ್ದು ಅವರೇ ದಾಖಲೆ ಹಿಡಿದುಕೊಂಡು ಹೋಗಬೇಕೆಂದು. ನಾವು ಹೋಗುವಾಗ ಆ ತಾರೀಕು ಕಳೆದು ಒಂಬತ್ತು ದಿನವಾಗಿತ್ತು. ಲೆಕ್ಚರರ್ ಹುಡುಗಿ ಅದನ್ನು ಓದಿ ಹೇಳಿದಾಗ ಅವರು ಅಳಲಿಲ್ಲ. ಕಾಗದವನ್ನು ಮಡಚಿ ಅದೇ ಕವರಿಗೆ ಹಾಕಿ, “ಇರಲಿ ಮಾಸ್ಟ್ರೇ, ಚಾ ಮಾಡುತ್ತೇನೆ” ಎಂದರು.

ನಮ್ಮೂರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇದೇ ಕತೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದ ಜೊತೆ ವ್ಯವಹರಿಸುವ ಹಕ್ಕು ಕೊಟ್ಟಿದೆ, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದಿದೆ. ಕಾಯ್ದೆ ಪುಸ್ತಕದಲ್ಲಿದೆ. ಕೌಂಟರಿನಲ್ಲಿ ಕೂತವರಿಗೆ ಕನ್ನಡ ಬಾರದಿದ್ದರೆ ಪಾಪ, ಅವರೇನು ಮಾಡಿಯಾರು? ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡಿದ ಕಾನೂನು 2017ರಲ್ಲಿ ಬಂತು. ಆ ಮಕ್ಕಳು ದೊಡ್ಡವರಾಗಿ ಅಜ್ಜಿಯ ನೋಟಿಸು ಓದಿಯಾರು ಎಂದಿಟ್ಟುಕೊಂಡರೂ ಅಲ್ಲಿವರೆಗೆ ಅಜ್ಜಿ ಏನು ಮಾಡಬೇಕು? ಅದಕ್ಕೇ ಈ ಕೋರ್ಸು ಕೇಳಿದ್ದು.

ಸಮುದಾಯ ಕಾಲೇಜು ಎಂಬುದರ ಅರ್ಥವೂ ಅದೇ ಅಲ್ಲವೇ? 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಇದನ್ನು ಶುರುಮಾಡಿದಾಗಲೂ, ಮರುವರ್ಷ ಮದ್ರಾಸಿನಲ್ಲಿ ಶುರುವಾದಾಗಲೂ, 2013ರ ಹೊತ್ತಿಗೆ ಯುಜಿಸಿ ಇದಕ್ಕೊಂದು ಯೋಜನೆಯನ್ನೇ ತಂದಾಗಲೂ ಹೇಳಿದ್ದು ಒಂದೇ ಮಾತು: ಊರಿಗೆ ಏನು ಬೇಕೆಂದು ಮೊದಲು ಕೇಳಿ, ಆಮೇಲೆ ಕಲಿಸಿ. ಇದನ್ನು ಜಗಲಿಯಲ್ಲಿ ಕೂತು ನಮಗೆ ವಿವರಿಸಿದವರು ನೀವೇ. ನಾನು ಹೊಸತೇನೂ ಹೇಳುತ್ತಿಲ್ಲ.

ಈಗ ಮಾಹಿತಿ ಹಕ್ಕಿನಲ್ಲಿ ಸಿಕ್ಕಿದ ಪ್ರೊಪೋಸಲ್‌ನ ಪ್ರತಿಗೆ ಬರುತ್ತೇನೆ. ಇಪ್ಪತ್ತೆಂಟು ಪುಟ. ಕನ್ನಡದಲ್ಲಿ ಬರೆದ ಅರ್ಜಿಗೆ ಜೊತೆಯ ಪತ್ರ ಮಲಯಾಳದಲ್ಲಿ ಬಂತು. ಕಾಲೇಜಿಗೆ ಆ 1969ರ ಕಾಯ್ದೆ ಅನ್ವಯಿಸುತ್ತದೋ ಇಲ್ಲವೋ ವಕೀಲರು ನೋಡಿಕೊಳ್ಳಲಿ. ಕನ್ನಡಿಗರ ಕಷ್ಟ ಬರೆದು ದುಡ್ಡು ತಂದವರ ಆಫೀಸಿನಿಂದ ಒಂದು ಸಾಲು ಕನ್ನಡ ಬರಬಾರದಿತ್ತೇ?

ಮೂರನೇ ಪುಟದಲ್ಲಿ ನಾವಿದ್ದೇವೆ. ಎರಡು ನೋಟ್‌ಬುಕ್ಕಿನ ಸಾರವೆಲ್ಲ ಅಲ್ಲಿದೆ. ಗಡಿನಾಡು, ಹಿಂದುಳಿದ ಪ್ರದೇಶ, ಭಾಷಾ ಅಲ್ಪಸಂಖ್ಯಾತರು, ಮೀನುಗಾರ ಕುಟುಂಬಗಳು. ನೋಟಿಸಿನ ಹೆಂಗಸೂ ಇದ್ದಾರೆ, ಹೆಸರಿಲ್ಲದೆ, ಇಂಗ್ಲಿಷಿನಲ್ಲಿ. ನಾಲ್ಕನೇ ಪುಟಕ್ಕೆ ಬಂದರೆ ಕೋರ್ಸಿನ ಹೆಸರೇ ಬೇರೆ. ಭಾಷಾಂತರ ಮಾಯವಾಗಿ ‘ಡಿಜಿಟಲ್ ಕೌಶಲ’ ಬಂದು ಕೂತಿದೆ. ಕನ್ನಡ ಎಂಬ ಪದ ಆಮೇಲೆ ಇಪ್ಪತ್ತೈದು ಪುಟಗಳಲ್ಲಿ ಎಲ್ಲಿಯೂ ಇಲ್ಲ. ಕನ್ನಡಕ ಒರಸಿಕೊಂಡು ಎರಡು ಸಲ ಹುಡುಕಿದೆ. ಹನ್ನೊಂದನೇ ಪುಟದಲ್ಲಿ ಮಾತ್ರ ಒಂದು ತಮಾಷೆ ಸಿಕ್ಕಿತು. ನಮ್ಮ ಭಾಗದ “ಏಲಕ್ಕಿ ತೋಟದ ಕಾರ್ಮಿಕರಿಗೆ” ಈ ಕೋರ್ಸಿನಿಂದ ಉಪಯೋಗವಾಗುತ್ತದೆಯಂತೆ. ಶಿರಿಯದಲ್ಲಿ ತೆಂಗಿದೆ, ಕಂಗಿದೆ, ಹೊಳೆಯಿದೆ, ಕಡಲಿದೆ. ಏಲಕ್ಕಿ ಇರುವುದು ಪಾಯಸದಲ್ಲಿ. ಇಡುಕ್ಕಿ ಕಡೆಯ ಯಾವುದೋ ಪ್ರೊಪೋಸಲ್‌ನಿಂದ ಕತ್ತರಿಸಿ ಅಂಟಿಸಿದವರು ಊರಿನ ಹೆಸರು ಬದಲಿಸಿದರು, ಬೆಳೆ ಬದಲಿಸಲು ಮರೆತರು. ಜಗಲಿಯಲ್ಲಿ ಓದಿ ಹೇಳಿದ್ದರೆ ನಮ್ಮ ಮಕ್ಕಳೂ ಹಿಡಿಯುತ್ತಿದ್ದ ತಪ್ಪು ಇದು.

ಓದಿ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಲು ನಾನು ಮತ್ತೊಮ್ಮೆ ನಿಮ್ಮ ಕೋಣೆಗೆ ಬಂದೆ. ನೀವು ಫೋನಿನಿಂದ ತಲೆ ಎತ್ತದೆ ಗುಮಾಸ್ತರಿಗೆ ಹೇಳಿದಿರಿ: “ಮಾಸ್ಟ್ರಿಗೆ ಒಂದು ಚಾ ಕೊಟ್ಟು ಕಳುಹಿಸಿ.” ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಬೈದಿದ್ದರೆ ಸಹಿಸುತ್ತಿದ್ದೆ. ಕಡಪ್ಪುರದ ಆ ಹೆಂಗಸು ಕೈಯಿಂದ ಮನೆ ತಪ್ಪಿಹೋದ ಹೊತ್ತಿನಲ್ಲೂ ನಮಗೆ ಚಾ ಮಾಡಿ ಕೊಟ್ಟರು. ನೀವು ಚಾ ಕೊಟ್ಟು ಬಾಗಿಲು ತೋರಿಸಿದಿರಿ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಅರ್ಜಿ ಹಾಕಲು ಕೊಡುವುದು ಹದಿನೈದು ದಿನ, ಕೊನೆಯ ರಾತ್ರಿ ಪೋರ್ಟಲ್ ತೆರೆಯುವುದಿಲ್ಲ, ಪ್ರೊಪೋಸಲ್ ಬರೆಯಲಿಕ್ಕೆಂದು ಬೇರೆ ಜನ ಇಲ್ಲ. ಬರೆಯುವುದೆಲ್ಲ ತಿಂಗಳ ಸಂಬಳಕ್ಕೂ ಕಾಯಬೇಕಾದ ಗೆಸ್ಟ್ ಲೆಕ್ಚರರುಗಳು. ನಮ್ಮ ಜೊತೆ ಬಿಸಿಲಲ್ಲಿ ತಿರುಗಿದ ಆ ಹುಡುಗಿಯ ಹೆಸರು ಇಪ್ಪತ್ತೆಂಟು ಪುಟಗಳಲ್ಲಿ ಎಲ್ಲಿಯೂ ಇಲ್ಲ. ಈ ವರ್ಷ ಅವಳನ್ನು ಪುನಃ ಕರೆಯಲೂ ಇಲ್ಲ. ಇದಕ್ಕೂ ಪೋರ್ಟಲ್ ಕಾರಣವೇ?

ದುಡ್ಡಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಮೊದಲ ಕಂತು ಬಂತು. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಗೋಡೆಗೆ ತೂಗುವ ದೊಡ್ಡ ಸ್ಮಾರ್ಟ್ ಬೋರ್ಡು ಬಂತು, ತಿರುಗುವ ಕುರ್ಚಿಗಳು ಬಂದವು. ಪಾಠ ಮಾಡುವವರು ಬರಲಿಲ್ಲ, ಕಲಿಯುವವರೂ ಬರಲಿಲ್ಲ. ಬೋರ್ಡಿನ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿಲ್ಲ, ಕಿಟಕಿಯಿಂದ ನಾನೇ ನೋಡಿ ಬಂದಿದ್ದೇನೆ. ಕೇಂದ್ರದ ಅನುದಾನವೆಂದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ 12-ಎ ನಮೂನೆಯಲ್ಲಿ ಯುಸಿ, ಎಂದರೆ ವಿನಿಯೋಗ ಪ್ರಮಾಣಪತ್ರ, ಕೊಡಬೇಕು. ಯಾವ ಉದ್ದೇಶಕ್ಕೆ ತಂದ ಹಣವೋ ಅದಕ್ಕೇ ಖರ್ಚಾಗಿದೆ ಎಂದು ಅದರಲ್ಲಿ ಸಹಿ ಹಾಕಬೇಕು. ಕ್ಲಾಸೇ ನಡೆಯದ ಕೋರ್ಸಿಗೆ ನೀವು ಯಾವ ಸಹಿ ಹಾಕುತ್ತೀರಿ? ಹಾಕದಿದ್ದರೆ ಮುಂದಿನ ಕಂತು ಬರುವುದಿಲ್ಲ, ಉಳಿದದ್ದನ್ನು ಬಡ್ಡಿ ಸಮೇತ ಹಿಂದೆ ಕಟ್ಟಬೇಕು. ಆಗ ಕಡತದಲ್ಲಿ ಏನೆಂದು ಬೀಳುತ್ತದೆ? ಶಿರಿಯದ ಜನ ಆಸಕ್ತಿ ತೋರಿಸಲಿಲ್ಲ ಎಂದು. ಮುಂದೆ ಯಾರಾದರೂ ನಿಜವಾಗಿ ಭಾಷಾಂತರದ ಕೋರ್ಸು ಕೇಳಿದರೂ ಆ ಸಾಲು ಅಡ್ಡ ಬರುತ್ತದೆ.

ಇದು ನಿಮ್ಮೊಬ್ಬರ ಕಾಲೇಜಿನ ಕತೆಯೂ ಅಲ್ಲ ಬಿಡಿ. 1984ರಲ್ಲಿ ಜಿಲ್ಲೆಯಾದ ದಿನದಿಂದ ಕಾಸರಗೋಡು ಹಿಂದುಳಿದದ್ದು ಎಂದು ಹೇಳುತ್ತಲೇ ಇದ್ದಾರೆ. 2012ರಲ್ಲಿ ಪ್ರಭಾಕರನ್ ಆಯೋಗ ಅದನ್ನೇ ವರದಿ ಮಾಡಿತು, ಅದರ ಮೇಲೆ ಅಭಿವೃದ್ಧಿ ಪ್ಯಾಕೇಜ್ ಬಂತು. ಒಳ್ಳೆಯದೇ ಆಯಿತು, ಕೆಲವು ಕಟ್ಟಡ, ಸೇತುವೆಗಳು ಆದದ್ದು ನನ್ನ ಕಣ್ಣಿಗೂ ಕಾಣುತ್ತದೆ. ಆದರೆ ಹಿಂದುಳಿದವರು ಎಂಬ ಮಾತು ಎಲ್ಲರಿಗೂ ಬಳಸಲು ಅಗ್ಗವಾಗಿ ಸಿಕ್ಕಿಬಿಟ್ಟಿದೆ. ಸಂಘಗಳು ಬರುತ್ತವೆ, ಇಲಾಖೆಗಳು ಬರುತ್ತವೆ, ಪ್ರಾಜೆಕ್ಟಿನ ಮಕ್ಕಳು ಬರುತ್ತಾರೆ. ಆಧಾರ್ ನಂಬರ್ ಬರೆದುಕೊಳ್ಳುತ್ತಾರೆ, ಫೋಟೋ ಹಿಡಿಯುತ್ತಾರೆ, ಸಹಿ ಹಾಕಿಸುತ್ತಾರೆ. ಹಿಂದೆ ಬಂದು ಹೀಗಾಯಿತು ಎಂದು ಹೇಳಿದವರನ್ನು ನಾನು ಕಂಡಿಲ್ಲ. ಕಡಪ್ಪುರದಲ್ಲಿ ಈಗ ನೋಟ್‌ಬುಕ್ ಹಿಡಿದು ಹೋದರೆ ನನ್ನನ್ನೇ ಕೇಳುತ್ತಾರೆ, “ಪುನಃ ಯಾವ ಕಾಲೇಜು ಮಾಸ್ಟ್ರೇ?” ಈ ವಯಸ್ಸಿನಲ್ಲಿ ಇದನ್ನು ಕೇಳಿಸಿಕೊಳ್ಳುವ ಹಾಗೆ ಮಾಡಿದವರು ನೀವು.

ನನಗೆ ನಿಮ್ಮ ವರ್ಗಾವಣೆ ಬೇಡ, ತನಿಖೆ ಬೇಡ, ಕ್ಷಮೆಯ ಪತ್ರವೂ ಬೇಡ. ಆಡಿದ ಒಂದು ಮಾತು ಬಾಕಿ ಇದೆ, ಅದನ್ನು ನಡೆಸಿಕೊಡಿ. ಇಪ್ಪತ್ತೆಂಟು ಪುಟಗಳನ್ನು ತಂದು ಜಗಲಿಯಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಿ, ಏಲಕ್ಕಿಯನ್ನೂ ಬಿಡದೆ. ಮೂರನೇ ಪುಟದವರು ಎದುರಿಗೇ ಕೂತಿರುತ್ತಾರೆ. ಉಳಿದ ಹಣದಲ್ಲಿ ನಾವು ಕೇಳಿದ ಕೋರ್ಸು ನಡೆಸಲು ಅನುದಾನ ಕೊಟ್ಟವರ ಒಪ್ಪಿಗೆ ಕೇಳಲು ಸಾಧ್ಯವೇ ಎಂಬುದನ್ನೂ ಅಲ್ಲೇ ಹೇಳಿ. ಆಗುವುದಿಲ್ಲ ಎಂದಾದರೆ ಆಗುವುದಿಲ್ಲ ಎಂದೇ ಹೇಳಿ, ಕೇಳಿಸಿಕೊಳ್ಳುತ್ತೇವೆ.

ಬರುವ ಎರಡನೇ ಶನಿವಾರ ಸಂಜೆ ನಾಲ್ಕು ಗಂಟೆಗೆ ಕ್ಲಬ್ಬಿನಲ್ಲಿ ಚಾಪೆ ಹಾಸಿರುತ್ತೇವೆ. ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿದು ಬನ್ನಿ. ನೀವು ಬಾರದಿದ್ದರೆ ಒಂದು ಪ್ರತಿ ನನ್ನ ಹತ್ತಿರವೂ ಇದೆ. ನಾನೇ ಓದುತ್ತೇನೆ.