ಮರಡಿ ಹಿಡಿದರೆ ಎರೆಗೆ ನೀರು: ಬೀದರ್ ಜಿಲ್ಲೆಯ ಜಲ ಸಮತೋಲನ

2016ರ ಏಪ್ರಿಲ್‌ನಲ್ಲಿ ಮಾಂಜ್ರಾ ಕಣಿವೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. 2025ರ ಮುಂಗಾರಿನಲ್ಲಿ ಅದೇ ಮಾಂಜ್ರಾ ಉಕ್ಕಿ ಹರಿದು, ಭಾಲ್ಕಿ, ಔರಾದ್ ತಾಲ್ಲೂಕುಗಳಲ್ಲಿ ನಿಂತ ಬೆಳೆ ನೀರುಪಾಲಾಯಿತು. ಮಳೆಯಾಶ್ರಿತ ಬೆಳೆಹಾನಿಗೆ ಹೆಕ್ಟೇರಿಗೆ ನಿಗದಿಯಾದ 8,500 ರೂಪಾಯಿಗೆ ರಾಜ್ಯ ಸರ್ಕಾರವು ಮತ್ತೆ 8,500 ರೂಪಾಯಿ ಸೇರಿಸಿತು. ಪರಿಹಾರವು ಒಂದು ಹಂಗಾಮಿನ ನಷ್ಟವನ್ನು ತಗ್ಗಿಸಬಲ್ಲದು; ಬರ ಮತ್ತು ನೆರೆ ಎರಡನ್ನೂ ತೀವ್ರಗೊಳಿಸುವ ಅಸಮತೋಲನವನ್ನು ಸರಿಪಡಿಸಲಾರದು.

ನೆಲವು ಮಳೆನೀರನ್ನು ಹಿಡಿದು, ಇಂಗಿಸಿ, ನಿಧಾನವಾಗಿ ಬಿಟ್ಟುಕೊಡುವುದು ನಿಸರ್ಗದ ಒಂದು ಸೇವೆ. ಬೀದರ್ ನಗರ ನಿಂತಿರುವ ಪ್ರಸ್ಥಭೂಮಿಯೇ ಇದಕ್ಕೆ ನಿದರ್ಶನ. ಮೇಲಿನ ಜಂಬಿಟ್ಟಿಗೆ ಪದರದಲ್ಲಿ ಇಂಗಿದ ನೀರು ಕೆಳಗಿನ ಕಪ್ಪುಶಿಲೆಯ ಮೇಲೆ ತಡೆದು, ಅಂಚಿನಲ್ಲಿ ಝರಿಯಾಗಿ ಹೊಮ್ಮುತ್ತದೆ. ಬಹಮನಿ ಕಾಲದ ನೌಬಾದ್‌ನ ಕರೇಜ್ ಎಂಬ ಸುರಂಗ ಜಲಮಾರ್ಗವು ಈ ಅಂತರ್ಜಲವನ್ನೇ ಬಳಸಿಕೊಂಡಿತ್ತು. ಮೇಲ್ನೆಲಕ್ಕೆ ಕಾಂಕ್ರೀಟ್ ಹೊದಿಸಿದಷ್ಟೂ ಇಂಗುವ ನೀರು ಕುಗ್ಗುತ್ತದೆ.

ಭಾಲ್ಕಿ, ಔರಾದ್‌ಗಳಲ್ಲಿ ಈ ಹೊಣೆ ಮರಡಿ ಭೂಮಿಯದು. ಅಲ್ಲಿನ ಹುಲ್ಲು, ಗಿಡಗಂಟಿ ನಾಶವಾದರೆ ಮಳೆ ನೇರವಾಗಿ ತಗ್ಗಿನ ಎರೆ ಹೊಲಕ್ಕೆ ನುಗ್ಗುತ್ತದೆ. ಬೇಸಿಗೆಯಲ್ಲಿ ಅದೇ ಹೊಲದ ಬಾವಿ ಬತ್ತುತ್ತದೆ.

ಇನ್ನು ಬೇಡಿಕೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯದ ಸಾಮರ್ಥ್ಯ 7.69 ಟಿ.ಎಂ.ಸಿ. ಅಚ್ಚುಕಟ್ಟಿನ ಹೊಲಗಳಿಗೂ ಬೀದರ್ ನಗರದ ನಲ್ಲಿಗಳಿಗೂ ಅದೇ ಆಸರೆ. ಕಬ್ಬಿಗೆ ಬೆಳೆ ಅವಧಿಯಲ್ಲಿ ಕನಿಷ್ಠ 1,500 ಮಿ.ಮೀ. ನೀರು, ಅಂದರೆ ಎಕರೆಗೆ ಸುಮಾರು 60 ಲಕ್ಷ ಲೀಟರ್ ಬೇಕು. ಸೋಯಾಅವರೆಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಆದ್ದರಿಂದ ಕೊಳವೆಬಾವಿಯೊಂದನ್ನೇ ನಂಬಿ ಕಬ್ಬಿನ ಕ್ಷೇತ್ರ ವಿಸ್ತರಿಸುವುದು ಸಾಲ ಮಾಡಿ ಸಂಸಾರ ನಡೆಸಿದಂತೆ.

ರೈತ ಬಾಂಧವರು ಕೈಗೊಳ್ಳಬೇಕಾದ ಕ್ರಮಗಳು:

1. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬಿತ್ತನೆ ಮಾಡಿ, ಬದುಗಳ ಮೇಲೆ ಹುಲ್ಲು ಬೆಳೆಸುವುದು.
2. ಎರೆಭೂಮಿಯಲ್ಲಿ ಅಗಲ ಏರುಮಡಿ ಮತ್ತು ಸಾಲು ಪದ್ಧತಿಯಲ್ಲಿ ಸೋಯಾಅವರೆ, ತೊಗರಿ ಬಿತ್ತುವುದು. ಇದರಿಂದ ಹೆಚ್ಚುವರಿ ನೀರು ಬಸಿದು, ಮಳೆ ತಡವಾದಾಗ ತೇವ ಉಳಿಯುತ್ತದೆ.
3. ಬಸಿದ ನೀರನ್ನು ಕೃಷಿಹೊಂಡಕ್ಕೆ ತಿರುಗಿಸುವುದು. 10 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 40 ಸಾವಿರ ಲೀಟರ್.
4. ಈಗಾಗಲೇ ಇರುವ ಕಬ್ಬಿಗೆ ಹನಿ ನೀರಾವರಿ ಅಳವಡಿಸಿ, ರವದಿಯನ್ನು ಸುಡದೆ ಹೊದಿಕೆಯಾಗಿ ಬಳಸುವುದು.

ಮರಡಿಯಲ್ಲಿ ಬದು ಹಾಕಿ, ಮೇಯಿಸುವುದನ್ನು ಮಿತಗೊಳಿಸುವ ರೈತನಿಗೆ ತಕ್ಷಣದ ಲಾಭ ಅಲ್ಪ. ಪ್ರಯೋಜನ ಕೆಳಗಿನ ಹೊಲಕ್ಕೂ ಊರಿಗೂ ಸಲ್ಲುತ್ತದೆ. ಖರ್ಚು ಒಬ್ಬನದು, ಫಲ ಹಲವರದು ಎಂಬ ಸ್ಥಿತಿಯಲ್ಲಿ ಯಾವ ಕಾಮಗಾರಿಯೂ ಬಾಳದು. ಆದುದರಿಂದ ವಿಸ್ತರಣಾ ಕಾರ್ಯಕರ್ತರು ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಮರಡಿ ಕಾಮಗಾರಿಗೆ ಮೊದಲ ಸ್ಥಾನ ದೊರಕಿಸಬೇಕು. ಕೆಳಗಿನ ಹೊಲದವರು ಶ್ರಮದಲ್ಲಿಯೂ ವೆಚ್ಚದಲ್ಲಿಯೂ ಪಾಲುಗೊಳ್ಳಬೇಕು. ಮುಂದಿನ ಮುಂಗಾರಿಗೆ ಮುನ್ನ ಪ್ರತಿ ಗ್ರಾಮವೂ ಒಂದು ಮರಡಿಯಿಂದಾದರೂ ಈ ಕಾರ್ಯವನ್ನು ಆರಂಭಿಸುವುದು ಸೂಕ್ತ.